ತಾತ, ಯಾವ ಯೂನಿವರ್ಸಿಟಿ ದೊಡ್ಡದು?

ಮಕ್ಕಳೇ, ಸಿಇಟಿ ಬರೆದ ನನ್ನ ಮೊಮ್ಮಗಳು ಕಾಲೇಜುಗಳ ಆಯ್ಕೆಪಟ್ಟಿ ತುಂಬಲು ಕೂತು ಈ ಪ್ರಶ್ನೆ ಕೇಳಿದಳು. ಅವಳಿಗೆ ಕೃಷಿ ಓದುವಾಸೆ. ಅವಳಪ್ಪನಿಗೆ ಬೆಂಗಳೂರಿನ ದೊಡ್ಡ ಹೆಸರೇ ಬೇಕು.

ನಮ್ಮ ಕಾಲದಲ್ಲಿ ಬಂಡೂರಿನವರಿಗೆ ಯೂನಿವರ್ಸಿಟಿ ಅಂದರೆ ಮೈಸೂರು. 1916ರಲ್ಲಿ ನಾಲ್ವಡಿಯವರು ಸ್ಥಾಪಿಸಿದ್ದು. ನನ್ನ ಬಿ.ಕಾಂ. ಅಲ್ಲಿಯದೇ. ಹೋಲಿಸುವ ಮಾತೇ ಇರಲಿಲ್ಲ.

2016ರಿಂದ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕ್ ಪಟ್ಟಿ ಬರುತ್ತಿದೆ. ವಿಶ್ವವಿದ್ಯಾಲಯಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಸ್ಥಾನ. ಬ್ಯಾಂಕಿನಲ್ಲಿದ್ದ ನನಗೆ ಮೊತ್ತ ನೋಡಿ ಸುಮ್ಮನಾಗದೆ ಬಾಬ್ತುವಾರು ನೋಡುವ ಚಾಳಿ. ನೂರು ಅಂಕದಲ್ಲಿ ಬೋಧನೆ, ಸೌಲಭ್ಯಕ್ಕೆ 30, ಸಂಶೋಧನೆಗೆ 30, ಓದಿದವರು ಏನಾದರು ಎಂಬುದಕ್ಕೆ 20, ಎಲ್ಲ ಬಗೆಯವರಿಗೂ ಅವಕಾಶ ಕೊಟ್ಟಿದ್ದಕ್ಕೆ 10, ಹೆಸರಿಗೆ 10. ಅಷ್ಟು ಜಗಳವಾಡಿದ ಹೆಸರಿಗೆ ಹತ್ತೇ ಅಂಕ!

ವಿದ್ಯಾರ್ಥಿಗಳ ಒಲವು ತಿಳಿಯಲು ಸಿಇಟಿ ಕಟ್‌ಆಫ್ ನೋಡಬೇಕು. ಸೀಟು ಬೇಗ ತುಂಬಿದ ಕಡೆ ಬೇಡಿಕೆ ಹೆಚ್ಚು. ಆದರೆ ಆ ಬೇಡಿಕೆಯಲ್ಲಿ ಬಸ್ಸು, ಹಾಸ್ಟೆಲ್, ಫೀಸು, ಗೆಳೆಯರು ಎಲ್ಲ ಸೇರಿರುತ್ತವೆ.

ನಮ್ಮೂರ ಕುರಿಯ ಹೆಸರು ಕೇಳಿ ದೂರದವರು ಬರುತ್ತಾರೆ. ಬೆನ್ನು ಮುಟ್ಟಿ ನೋಡದೆ ಮಾತ್ರ ಕಾಸು ಬಿಚ್ಚುವುದಿಲ್ಲ.

ಆಯ್ಕೆಪಟ್ಟಿಯಲ್ಲಿ ಮೇಲಿನದು ಸಿಕ್ಕರೆ ಕೆಳಗಿನದನ್ನು ಪರಿಗಣಿಸುವುದಿಲ್ಲ. ಅದಕ್ಕೇ ಹೇಳಿದೆ: “ಮೊದಲನೆಯದನ್ನು ನಿನ್ನ ಮನಸ್ಸು ಕೇಳಿ ಬರಿ, ಮಗಾ.”

ಅವಳು ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜು ಬರೆದಳು. ಅವಳಪ್ಪ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಅವನೇ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬಂದ.