ವರ್ಣಕ್ಕಿಂತ ಮೊದಲು ಕಂಠ

ಮನೆಗೊಂದು ಗಿಳಿಯನ್ನು ತರಬೇಕೆಂಬ ಆಸೆಯಿಂದ ಪಕ್ಷಿಗಳ ಅಂಗಡಿಗೆ ಹೋದವರ ದೃಷ್ಟಿ ಮೊದಲು ನಿಲ್ಲುವುದು ಗರಿಯ ವರ್ಣದ ಮೇಲೆ. ಆದರೆ ಮುಂದೆ 15, 20, ಕೆಲವು ಜಾತಿಗಳಲ್ಲಿ 30 ವರ್ಷಗಳವರೆಗೂ ಆ ಮನೆಯವರು ಬಾಳಬೇಕಾದುದು ಅದರ ಕಂಠದೊಡನೆ ಮತ್ತು ಸಂಗವಿಲ್ಲದೆ ಇರಲಾರದ ಅದರ ಸ್ವಭಾವದೊಡನೆ. ಆದುದರಿಂದ ಮಧ್ಯಮ ಗಾತ್ರದ ಗಿಳಿಗಳಲ್ಲಿ ಒಂದನ್ನು ಆರಿಸುವವರು ಕಣ್ಣಿಗಿಂತ ಮೊದಲು ಕಿವಿಯನ್ನು ಕೇಳಿಕೊಳ್ಳುವುದು ಉಚಿತ.

ಬೇಲೂರಿನ ಶುಕಭಾಷಿಣಿ ಶಿಲ್ಪದ ಮುಂಗೈ ಮೇಲೆ ಕುಳಿತ, ಗಿಣಿಶಾಸ್ತ್ರದವನ ಪೆಟ್ಟಿಗೆಯಿಂದ ಹೊರಬಂದು ಚೀಟಿಯೆತ್ತುವ ನಮ್ಮ ಹಸುರು ಗಿಳಿಯೇ ಎಲ್ಲರಿಗೂ ಮೊದಲು ನೆನಪಾಗುವುದು ಸಹಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ಈ ನಾಡಿನ ಯಾವ ಗಿಳಿಯನ್ನೂ ಹಿಡಿಯಕೂಡದು, ಮಾರಕೂಡದು, ಪಂಜರದಲ್ಲಿಟ್ಟು ಸಾಕಕೂಡದು. ಮರದ ಪೊಟರೆಯಿಂದ ಕಣ್ಣು ಬಿಡದ ಮರಿಗಳನ್ನು ಕಿತ್ತು ತರುವ ಆ ವ್ಯಾಪಾರದ ಕ್ರೌರ್ಯವನ್ನು ಬಲ್ಲವರಿಗೆ ಈ ನಿಷೇಧವು ನ್ಯಾಯವೆಂದೇ ತೋರುವುದು. ಉಳಿದ ಆಯ್ಕೆಯೆಂದರೆ, ಪರದೇಶದ ಮೂಲದವಾದರೂ ತಲೆಮಾರುಗಳಿಂದ ಮನುಷ್ಯರ ಆಶ್ರಯದಲ್ಲಿಯೇ ಹುಟ್ಟಿ ಬೆಳೆದ ಹಕ್ಕಿಗಳು.

ಅವುಗಳಲ್ಲಿ ಅತ್ಯಂತ ಮೋಹಕವಾದುದು ಸನ್ ಕನ್ಯೂರ್. ಸುಮಾರು 30 ಸೆಂಟಿಮೀಟರ್ ಉದ್ದದ, ಅರಿಸಿನ ಕುಂಕುಮಗಳೆರಡೂ ಕಲೆತ ಮೈಬಣ್ಣದ ಈ ಹಕ್ಕಿಯ ತವರು ಗಯಾನಾ ಮತ್ತು ಬ್ರೆಜಿಲ್‌ಗಳ ಗಡಿಯ ಹುಲ್ಲುಬಯಲು. ಆ ರೂಪವೇ ಅದಕ್ಕೆ ಶಾಪವೂ ಆಗಿ, ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಕಾಡಿನಲ್ಲಿ ಅದರ ಸಂತತಿ ಇಂದು ಅಳಿವಿನಂಚಿಗೆ ಬಂದಿದೆ. ವಿಶಾಲವಾದ ಬಯಲಿನಲ್ಲಿ ಚದುರಿದ ಹಿಂಡಿನವರು ಒಬ್ಬರನ್ನೊಬ್ಬರು ಕಳೆದುಕೊಳ್ಳದಿರಲೆಂದು ಪ್ರಕೃತಿಯು ಅದಕ್ಕೆ ಬಹುದೂರ ಕೇಳುವ ಕರ್ಕಶವಾದ ಕೂಗನ್ನು ಕೊಟ್ಟಿದೆ. ಮನೆಯಲ್ಲಿ ಮನುಷ್ಯರೇ ಅದರ ಹಿಂಡಾದುದರಿಂದ, ಯಜಮಾನಿ ಅಡುಗೆಮನೆಗೆ ಹೋದೊಡನೆ ಅದೇ ಕೂಗು ಹೊರಡುತ್ತದೆ. ಆಗ ಓಡಿ ಬಂದು ಸಮಾಧಾನಪಡಿಸಿದರೆ, ಕೂಗಿದರೆ ಜನ ಬರುವರೆಂಬ ಪಾಠವನ್ನು ಅದು ಬೇಗನೆ ಕಲಿಯುವುದು. ಇದು ಹಕ್ಕಿಯ ದೋಷವಲ್ಲ, ಜಾತಿಧರ್ಮ. ಗೋಡೆಗೆ ಗೋಡೆ ತಾಗಿದ ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರು, ಪಕ್ಕದ ಮನೆಯಲ್ಲಿ ಹಸುಗೂಸೋ ವೃದ್ಧರೋ ಇರುವವರು ಈ ಹಕ್ಕಿಯನ್ನು ತರದಿರುವುದೇ ಲೇಸು. ಅದೇ ವಂಶಕ್ಕೆ ಹತ್ತಿರದ, ಬೊಲಿವಿಯಾ ಪ್ರಾಂತದ ಗ್ರೀನ್ ಚೀಕ್ ಕನ್ಯೂರ್ ಗಾತ್ರದಲ್ಲಿ ಸ್ವಲ್ಪ ಕಿರಿದು, ದನಿಯಲ್ಲಿ ಬಹಳ ಸೌಮ್ಯ. ಆಟದ ಭರದಲ್ಲಿ ಬೆರಳನ್ನು ಕಚ್ಚುವುದುಂಟು.

ಮೊದಲ ಬಾರಿಗೆ ಗಿಳಿ ಸಾಕುವ ಸಾಮಾನ್ಯ ಸಂಸಾರಕ್ಕೆ ನಾನು ನಿಸ್ಸಂಕೋಚವಾಗಿ ಹೇಳುವ ಹೆಸರು ಕಾಕಟೀಲ್. ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ನೀರನ್ನೂ ಹುಲ್ಲಿನ ಬೀಜವನ್ನೂ ಅರಸಿ ಅಲೆಯುವ ಈ ಹಕ್ಕಿ ಕಾಕಟೂ ಕುಲದ ಅತಿ ಕಿರಿಯ ಸದಸ್ಯ. ತೂಕ 80ರಿಂದ 100 ಗ್ರಾಂ. ಬೆದರಿದಾಗ ನೆಟ್ಟಗೆ ನಿಲ್ಲುವ, ನೆಮ್ಮದಿಯಲ್ಲಿ ಹಿಂದಕ್ಕೆ ಬಾಗುವ ಜುಟ್ಟಿನಲ್ಲಿಯೇ ಅದರ ಮನಸ್ಸನ್ನು ಓದಬಹುದು. ಗಂಡು ಹಾಡಿನ ಧಾಟಿಯನ್ನು ಕಲಿತು ಸಿಳ್ಳೆ ಹಾಕುತ್ತದೆ. ಹೆಣ್ಣು ಸಾಮಾನ್ಯವಾಗಿ ಮಿತಭಾಷಿ. ಸ್ಪಷ್ಟವಾದ ಮಾತನ್ನು ಬಯಸುವವರಿಗೆ ಇದರಿಂದ ನಿರಾಶೆಯಾದೀತು. ಇದರ ಗರಿಗಳಿಂದ ಸೀಮೆಸುಣ್ಣದ ಪುಡಿಯಂತಹ ಧೂಳು ಸದಾ ಉದುರುವುದರಿಂದ ಆಸ್ತಮಾ ಇರುವವರ ಮನೆಗೆ ಇದು ಸಲ್ಲದು. ಕತ್ತಲಲ್ಲಿ ಏನಾದರೂ ಸದ್ದಾದರೆ ಪಂಜರದೊಳಗೇ ಬಡಿದಾಡಿ ರೆಕ್ಕೆ ಗಾಯಮಾಡಿಕೊಳ್ಳುವ ಸ್ವಭಾವವೂ ಇರುವುದರಿಂದ ರಾತ್ರಿ ಹತ್ತಿರದಲ್ಲಿ ಸಣ್ಣ ದೀಪವೊಂದಿರಬೇಕು.

ಮಾತೇ ಮುಖ್ಯವೆನ್ನುವವರಿಗೆ ದಕ್ಷಿಣ ಅಮೆರಿಕದ ಕ್ವೇಕರ್ ಗಿಳಿಯುಂಟು. ಗಿಳಿಗಳಲ್ಲಿ ಹೆಚ್ಚಿನವು ಪೊಟರೆಯನ್ನು ಹುಡುಕಿದರೆ ಇದೊಂದು ಕಡ್ಡಿಗಳನ್ನು ಹೆಣೆದು ಹಿಂಡಿಗೆ ಹಿಂಡೇ ಒಟ್ಟಾಗಿರುವ ಮಹಾಗೂಡನ್ನು ಕಟ್ಟುತ್ತದೆ; ಕಟ್ಟುವವರಿಗೆ ಸಹಜವಾದ ಸ್ವತ್ತಿನ ಅಭಿಮಾನವೂ ಇದಕ್ಕೆ ಹೆಚ್ಚು, ಪಂಜರದೊಳಗೆ ಕೈಹಾಕಿದರೆ ಸಹಿಸದು. ಆಫ್ರಿಕದ ಸೆನೆಗಲ್ ಗಿಳಿ ಗದ್ದಲ ಕಡಿಮೆಯ ಹಕ್ಕಿಯಾದರೂ ಮನೆಯಲ್ಲಿ ಒಬ್ಬರನ್ನೇ ನೆಚ್ಚಿ ಉಳಿದವರನ್ನು ದೂರವಿಡುವುದುಂಟು.

ಕನ್ಯೂರ್, ಕ್ವೇಕರ್, ಸೆನೆಗಲ್‌ಗಳು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, 2024ರ ನಿಯಮಗಳಂತೆ ಅವನ್ನು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಕಟೀಲ್ ಆ ಪಟ್ಟಿಯಲ್ಲಿಲ್ಲ.

ಯಾವುದನ್ನೇ ತಂದರೂ ಸೂರ್ಯಕಾಂತಿ ಬೀಜವೊಂದನ್ನೇ ಸುರಿಯುವ ನಮ್ಮ ರೂಢಿ ಘಾತುಕ: ಕೊಬ್ಬು ಅತಿಯಾಗಿ ಯಕೃತ್ತು ಕೆಡುವುದು, ಎ ಜೀವಸತ್ವದ ಕೊರತೆಯುಂಟಾಗುವುದು. ಸೊಪ್ಪು, ಕ್ಯಾರೆಟ್, ಮೊಳಕೆಕಾಳುಗಳು ದಿನವೂ ಬೇಕು, ಬೆಣ್ಣೆಹಣ್ಣು ವಿಷ. ಕಾದು ಕೆಂಡವಾದ ನಾನ್‌ಸ್ಟಿಕ್ ಬಾಣಲೆಯ ಹೊಗೆಯಿಂದ ಗಿಳಿಗಳು ಕೆಲವೇ ನಿಮಿಷಗಳಲ್ಲಿ ಸಾಯುವುದರಿಂದ ಪಂಜರವು ಅಡುಗೆಮನೆಯಿಂದ ದೂರವಿರಬೇಕು. ಇನ್ನು, ಕೈಯಲ್ಲಿ ಉಣಿಸಿ ಬೆಳೆಸಿದರೆ ಹೆಚ್ಚು ಹೊಂದಿಕೊಳ್ಳುವುದೆಂದು ಗುಟುಕು ಬಿಡದ ಮರಿಯನ್ನು ಮಾರುವವರಿದ್ದಾರೆ. ಆಹಾರದ ಶಾಖ ತುಸು ಹೆಚ್ಚಾದರೆ ಕೊರಳಚೀಲ ಸುಟ್ಟು, ತಪ್ಪಾಗಿ ಹಾಕಿದರೆ ಶ್ವಾಸನಾಳಕ್ಕೆ ಇಳಿದು ಮರಿ ಸಾಯುತ್ತದೆ. ಕಾಳನ್ನು ತಾನೇ ಒಡೆದು ತಿನ್ನಬಲ್ಲ ಹಕ್ಕಿಯನ್ನೇ ಕೇಳಿ ಪಡೆದು, ಅದೇ ವಾರದಲ್ಲಿ ಪಕ್ಷಿಚಿಕಿತ್ಸೆ ಬಲ್ಲ ಪಶುವೈದ್ಯರಿಗೆ ತೋರಿಸಿ, ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಒಂದು ತಿಂಗಳು ಪ್ರತ್ಯೇಕವಾದ ಕೋಣೆಯಲ್ಲಿಡತಕ್ಕುದು.