ಸಕ್ಕರೆಯ ದ್ವೀಪದಲ್ಲಿ ಅಜ್ಜಿಯರ ಹೆಜ್ಜೆಗುರುತು

ಪೋರ್ಟ್ ಆಫ್ ಸ್ಪೇನ್ ಎಂಬ ಹೆಸರನ್ನು ನಮ್ಮ ಹಿರಿಯರು ಕೇಳಿರುವುದು ರೇಡಿಯೋದಲ್ಲಿ. 1976ರ ಎಪ್ರಿಲ್‌ನಲ್ಲಿ ಭಾರತ ತಂಡವು ಅಲ್ಲಿ 403 ರನ್‌ಗಳ ಗುರಿಯನ್ನು ಬೆನ್ನಟ್ಟಿ ವೆಸ್ಟ್ ಇಂಡೀಸನ್ನು ಸೋಲಿಸಿದಾಗ ನಮ್ಮ ಜಿ.ಆರ್. ವಿಶ್ವನಾಥ್ 112 ರನ್ ಹೊಡೆದಿದ್ದರು. ಆದರೆ ಆ ನಗರ ಯಾವ ದ್ವೀಪದಲ್ಲಿದೆ, ಅಲ್ಲಿ ನಮ್ಮಂತೆಯೇ ಕಾಣುವ ಲಕ್ಷಾಂತರ ಜನರು ಹೇಗೆ ಬಂದರು ಎಂದು ಕೇಳಿದವರು ಕಡಿಮೆ.

ಆ ದ್ವೀಪವೇ ಟ್ರಿನಿಡಾಡ್. ಕೆರಿಬಿಯನ್ ಸಮುದ್ರದ ದಕ್ಷಿಣ ತುದಿಯಲ್ಲಿ, ವೆನೆಜುವೆಲಾದ ಕರಾವಳಿಗೆ ತೀರಾ ಹತ್ತಿರದಲ್ಲಿದೆ. ಪಕ್ಕದ ಟೊಬೆಗೊ ದ್ವೀಪದೊಂದಿಗೆ ಸೇರಿ 1962ರ ಆಗಸ್ಟ್ 31ರಂದು ಸ್ವತಂತ್ರ ದೇಶವಾಯಿತು. ಇಲ್ಲಿನ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಭಾರತೀಯ ಮೂಲದವರು. ಮುಸ್ಲಿಮರು ಶೇಕಡಾ 5ರಷ್ಟು. ಈದುಲ್ ಫಿತ್ರ್‌ಗೆ ಇಡೀ ದೇಶಕ್ಕೆ ರಜೆ. ಪ್ರವಾಸಿಗರು ಸಾಮಾನ್ಯವಾಗಿ ಕಡಲತೀರ ನೋಡಿ ಹಿಂದಿರುಗುತ್ತಾರೆ. ಆದರೆ ಈ ದ್ವೀಪದ ನಿಜವಾದ ಸಂಪತ್ತು ಅದರ ಹಳೆಯ ತಾಣಗಳಲ್ಲಿದೆ. ಬನ್ನಿ, ಅವುಗಳಲ್ಲಿ ಕೆಲವನ್ನು ನೋಡಿ ಬರೋಣ.

ನೆಲ್ಸನ್ ದ್ವೀಪ: ಮೊದಲ ಮೆಟ್ಟಿಲು

ಪೋರ್ಟ್ ಆಫ್ ಸ್ಪೇನ್‌ನ ಪಶ್ಚಿಮಕ್ಕೆ ಸಮುದ್ರದಲ್ಲಿ ಪುಟ್ಟ ಪುಟ್ಟ ದ್ವೀಪಗಳ ಗುಂಪೊಂದಿದೆ. ಅದರಲ್ಲೊಂದು ನೆಲ್ಸನ್ ದ್ವೀಪ. ದೋಣಿಯಲ್ಲೇ ಹೋಗಬೇಕು. ದೇಶದ ನ್ಯಾಷನಲ್ ಟ್ರಸ್ಟ್ ಇದನ್ನು ನೋಡಿಕೊಳ್ಳುತ್ತದೆ, ಪ್ರವಾಸಿಗರನ್ನು ಕರೆದೊಯ್ಯುವ ವ್ಯವಸ್ಥೆಯನ್ನೂ ಮಾಡುತ್ತದೆ. ಜನವರಿಯಿಂದ ಮೇ ತಿಂಗಳವರೆಗೆ ಮಳೆ ಕಡಿಮೆ, ನೋಡಲು ಅನುಕೂಲ.

ಇಲ್ಲಿ ಅರಮನೆಯಿಲ್ಲ, ಗೋಪುರವಿಲ್ಲ. ಹಳೆಯ ಕಲ್ಲಿನ ಕಟ್ಟಡಗಳು, ಸುತ್ತಲೂ ನೀರು, ಅಷ್ಟೇ. ಆದರೆ 1866ರಿಂದ 1917ರವರೆಗೆ ಭಾರತದಿಂದ ಬಂದ ಕೂಲಿಗಳು ಹಡಗಿನಿಂದ ಇಳಿದು ಮೊದಲು ಕಾಲಿಟ್ಟದ್ದು ಇದೇ ನೆಲದ ಮೇಲೆ. ವೈದ್ಯರು ಅವರನ್ನು ಪರೀಕ್ಷಿಸುತ್ತಿದ್ದರು. ಚೇತರಿಸಿಕೊಂಡ ಬಳಿಕ ಅವರನ್ನು ಕಬ್ಬಿನ ತೋಟಗಳಿಗೆ ಹಂಚಲಾಗುತ್ತಿತ್ತು. ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಮಿಕ ನಾಯಕ ಟ್ಯೂಬಲ್ ಉರಾಯಾ ಬಟ್ಲರ್ ಅವರನ್ನು ಬ್ರಿಟಿಷರು ಬಂಧಿಸಿಟ್ಟದ್ದೂ ಇಲ್ಲಿಯೇ.

ಇದರ ಹಿನ್ನೆಲೆ ಹೀಗಿದೆ: ಬ್ರಿಟಿಷ್ ವಸಾಹತುಗಳಲ್ಲಿ ಆಫ್ರಿಕನ್ನರ ಗುಲಾಮಗಿರಿ 1834ರಲ್ಲಿ ಕಾನೂನಿನಲ್ಲಿ ರದ್ದಾಗಿ, 1838ರಲ್ಲಿ ಅವರಿಗೆ ಪೂರ್ಣ ಬಿಡುಗಡೆ ಸಿಕ್ಕಿತು. ಚಾಟಿಯೇಟು ತಿಂದ ತೋಟದಲ್ಲಿ ಮತ್ತೆ ದುಡಿಯಲು ಅವರಿಗೆ ಮನಸ್ಸಿರಲಿಲ್ಲ. ಕಡಿಮೆ ಕೂಲಿಯ ಆಳುಗಳನ್ನು ಹುಡುಕಿದ ತೋಟದ ಮಾಲಿಕರ ಕಣ್ಣು ಭಾರತದ ಬಡವರ ಮೇಲೆ ಬಿತ್ತು.

ಮೊದಲ ಹಡಗು ಕಲ್ಕತ್ತಾದಿಂದ ಹೊರಟು, ಮೂರು ತಿಂಗಳಿಗೂ ಹೆಚ್ಚು ಕಾಲ ಸಾಗಿ, 1845ರ ಮೇ 30ರಂದು ಸುಮಾರು 225 ಮಂದಿಯನ್ನು ಹೊತ್ತು ಇಲ್ಲಿಗೆ ತಲುಪಿತು. ಅದರ ಹೆಸರು ಫತಹುಲ್ ರಝಾಕ್. ಅಲ್ಲಿನವರ ಬಾಯಲ್ಲಿ ಅದು 'ಫಟೆಲ್ ರಝಾಕ್' ಆಯಿತು. ಅನ್ನದಾತನಾದ ಅಲ್ಲಾಹನ ಹೆಸರನ್ನು ಹೊತ್ತ ಹಡಗಿನಲ್ಲೇ ಅನ್ನ ಅರಸಿ ಹೊರಟವರು ಬಂದಿಳಿದರು. 1917ರವರೆಗೆ ಹೀಗೆ ಬಂದವರು 1 ಲಕ್ಷ 40 ಸಾವಿರಕ್ಕೂ ಹೆಚ್ಚು. ಬಹುತೇಕರು ಈಗಿನ ಬಿಹಾರ ಮತ್ತು ಉತ್ತರ ಪ್ರದೇಶದ ಹಳ್ಳಿಗಳವರು. ಒಂದು ಪಾಲು ಮಂದಿ ಮದ್ರಾಸ್ ಬಂದರಿನಿಂದಲೂ ಹೋದರು. ಈಗ ಮೇ 30 ಅಲ್ಲಿ 'ಭಾರತೀಯರ ಆಗಮನ ದಿನ'. ಅಂದು ಸಾರ್ವತ್ರಿಕ ರಜೆ.

ಹಡಗಿನಲ್ಲಿ ಹುಟ್ಟಿದ ಬಂಧುತ್ವ

ನೆಲ್ಸನ್ ದ್ವೀಪದ ಗೋಡೆಗಳ ಮುಂದೆ ನಿಂತಾಗ ಹೆಣ್ಣು ಮಕ್ಕಳಿಗೆ ನೆನಪಾಗಬೇಕಾದದ್ದು ಆ ಹಡಗುಗಳಲ್ಲಿದ್ದ ಹೆಂಗಸರು. ಗಂಡಸರಷ್ಟೇ ಬಂದರೆ ತೋಟದ ಸಾಲುಮನೆಗಳು ನೆಲೆಯಾಗುವುದಿಲ್ಲವೆಂದು ನೂರು ಗಂಡಸರಿಗೆ 40 ಹೆಂಗಸರು ಇರಲೇಬೇಕೆಂಬ ನಿಯಮ ಬಂತು. ವಿಧವೆಯರು, ಗಂಡ ಕೈಬಿಟ್ಟವರು, ಬರಗಾಲದಲ್ಲಿ ದಿಕ್ಕು ಕಾಣದವರು, ಅನೇಕರು ಒಂಟಿಯಾಗಿಯೇ ಹಡಗು ಹತ್ತಿದರು. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದೇ ಎಷ್ಟೋ ಮಂದಿಗೆ ತಿಳಿದಿರಲಿಲ್ಲ.

ಆದರೆ ಆ ಹಡಗಿನಲ್ಲೇ ಹೊಸ ನಂಟು ಹುಟ್ಟಿತು. ಒಂದೇ ಹಡಗಿನಲ್ಲಿ ಬಂದವರು ಪರಸ್ಪರ 'ಜಹಾಜಿ ಭಾಯಿ', 'ಜಹಾಜಿ ಬೆಹನ್' ಆದರು. ಜಾತಿ, ಧರ್ಮ, ಊರು ಯಾವುದೂ ಅಡ್ಡ ಬರಲಿಲ್ಲ. ರಕ್ತಸಂಬಂಧಕ್ಕಿಂತಲೂ ಗಟ್ಟಿಯಾಗಿ ಇದನ್ನು ಉಳಿಸಿಕೊಂಡು ಬಂದರು.

ತೋಟಗಳಲ್ಲಿ ಐದು ವರ್ಷಗಳ ಕರಾರು. ಗಂಡಸರಿಗೆ ದಿನಕ್ಕೆ 25 ಸೆಂಟ್ ಕೂಲಿ, ಹೆಂಗಸರಿಗೆ ಅದಕ್ಕಿಂತ ಕಡಿಮೆ. ಉದ್ದನೆಯ ಸಾಲುಮನೆಗಳಲ್ಲಿ ಹತ್ತಡಿ ಅಗಲದ ಕೋಣೆಗಳು. ನಡುವಿನ ಹಲಗೆ ಗೋಡೆ ಮಾಡಿನವರೆಗೆ ಏರುತ್ತಿರಲಿಲ್ಲ. ಪಕ್ಕದ ಕೋಣೆಯ ಉಸಿರೂ ಕೇಳಿಸುತ್ತಿತ್ತು. ಇಂತಹ ಮನೆಯಲ್ಲಿ ಮಾನವನ್ನು, ಮಕ್ಕಳನ್ನು ಕಾಪಾಡಿಕೊಂಡವರು ಆ ತಾಯಂದಿರು. ಚೀಟಿ ಇಲ್ಲದೆ ತೋಟ ಬಿಟ್ಟು ಹೊರಗೆ ಹೋದರೆ ಜೈಲು.

ಸಾನ್ ಫೆರ್ನಾಂಡೋ: ಗುಂಡು ಹಾರಿದ ರಸ್ತೆ

ದ್ವೀಪದ ದಕ್ಷಿಣದಲ್ಲಿ ಸಾನ್ ಫೆರ್ನಾಂಡೋ ನಗರವಿದೆ. ಮುಹರ್ರಮ್ ಮೆರವಣಿಗೆಯನ್ನು ಅಲ್ಲಿ 'ಹೊಸೇ' ಎನ್ನುತ್ತಾರೆ. ಹಝ್ರತ್ ಹುಸೈನ್(ರ) ಅವರ ಹೆಸರಿನಿಂದ ಬಂದ ಪದ. ಕೂಲಿಗಳಿಗೆ ವರ್ಷದಲ್ಲಿ ಒಟ್ಟುಗೂಡಲು ಸಿಗುತ್ತಿದ್ದ ದಿನ ಅದು. ತಾಝಿಯಾ ಹೊರುವುದರಲ್ಲಿ ಹಿಂದೂಗಳೂ ಇರುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳ ಮುಹರ್ರಮ್ ಕಂಡವರಿಗೆ ಇದು ಹೊಸತೆನಿಸದು. ಮೆರವಣಿಗೆ, ತಾಝಿಯಾಗಳ ಕುರಿತು ವಿದ್ವಾಂಸರ ಆಕ್ಷೇಪಗಳಿವೆ, ಅಲ್ಲಿಯೂ ಇವೆ. ಆದರೆ 1884ರಲ್ಲಿ ನಡೆದದ್ದು ಬೇರೆಯೇ ವಿಷಯ.

ಮೆರವಣಿಗೆಗಳು ಪಟ್ಟಣದೊಳಗೆ ಬರಬಾರದೆಂದು ಸರಕಾರ ಆ ವರ್ಷ ಆಜ್ಞೆ ಹೊರಡಿಸಿತು. ತೋಟಗಳಲ್ಲಿ ಮುಷ್ಕರಗಳು ಹೆಚ್ಚುತ್ತಿದ್ದ ಕಾಲ ಅದು, ಕೂಲಿಗಳು ಒಟ್ಟಾಗುವುದೆಂದರೆ ಆಳುವವರಿಗೆ ಭಯ. ಅಕ್ಟೋಬರ್ 30ರಂದು ಕೂಲಿಗಳು ಎಂದಿನಂತೆ ಹೊರಟರು. ಪಟ್ಟಣದ ಬಾಗಿಲಲ್ಲಿ ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ನೂರರಷ್ಟು ಮಂದಿ ಗಾಯಗೊಂಡರು. ಸತ್ತವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಇಂದು ವಾಹನಗಳು ಓಡಾಡುವ ಆ ರಸ್ತೆಯಲ್ಲಿ ನಡೆಯುವಾಗ ಈ ಮಾತು ನೆನಪಿರಲಿ.

ಮಸೀದಿ ಮತ್ತು ಸಮುದ್ರದ ದೇಗುಲ

ಸ್ಪೇನಿನವರು 1592ರಲ್ಲಿ ಕಟ್ಟಿದ ಹಳೆಯ ರಾಜಧಾನಿ ಸೇಂಟ್ ಜೋಸೆಫ್. ಅಲ್ಲಿ 1954ರಲ್ಲಿ ಕಟ್ಟಿದ ಜಿನ್ನಾ ಸ್ಮಾರಕ ಮಸೀದಿಯ ಗುಂಬಝ್ ಮತ್ತು ಮಿನಾರಗಳು ದಾರಿಹೋಕರ ಗಮನ ಸೆಳೆಯುತ್ತವೆ. ಕೂಲಿಗಳ ಮಕ್ಕಳು, ಮೊಮ್ಮಕ್ಕಳು ನಮಾಝಿಗಾಗಿ ಎದ್ದು ನಿಲ್ಲಿಸಿದ ಕಟ್ಟಡವದು. ಭಾರತೀಯರಿಗಿಂತ ಮೊದಲೇ ಇಲ್ಲಿ ಅಝಾನ್ ಕೇಳಿತ್ತು ಎಂಬುದನ್ನೂ ಮರೆಯುವಂತಿಲ್ಲ. ಆಫ್ರಿಕಾದಿಂದ ಗುಲಾಮರಾಗಿ ಬಂದ ಮಂಡಿಂಗೋ ಮುಸ್ಲಿಮರು ಜೋನಸ್ ಮುಹಮ್ಮದ್ ಬಾತ್ ಅವರ ನೇತೃತ್ವದಲ್ಲಿ ಹಣ ಕೂಡಿಸಿ ತಮ್ಮ ಸಹೋದರರನ್ನು ಗುಲಾಮಗಿರಿಯಿಂದ ಬಿಡಿಸಿದ್ದರು. ತಮ್ಮನ್ನು ತಾಯ್ನಾಡಿಗೆ ಕಳುಹಿಸಿರೆಂದು ಬ್ರಿಟಿಷ್ ಅರಸನಿಗೆ ಮನವಿಯನ್ನೂ ಬರೆದಿದ್ದರು.

ವಾಟರ್‌ಲೂ ಎಂಬ ಊರಿನ ಕಡಲತೀರದಲ್ಲಿ ಇನ್ನೊಂದು ತಾಣವಿದೆ. ಸೀವ್‌ದಾಸ್ ಸಾಧು ಎಂಬ ಬಡ ಕೂಲಿ ತೀರದಲ್ಲಿ ಮಂದಿರವೊಂದನ್ನು ಕಟ್ಟಿದರು. ಜಾಗ ಸಕ್ಕರೆ ಕಂಪೆನಿಯದ್ದೆಂದು ಅದನ್ನು ಕೆಡವಲಾಯಿತು, ಅವರು ಜೈಲಿಗೂ ಹೋದರು. ನೆಲದ ಮೇಲೆ ಜಾಗವಿಲ್ಲದಿದ್ದರೆ ಸಮುದ್ರ ಯಾರ ಸ್ವತ್ತೂ ಅಲ್ಲವಲ್ಲ! ಸೈಕಲ್ಲಿನಲ್ಲಿ ಕಲ್ಲು ಸಾಗಿಸಿ, ವರ್ಷಗಟ್ಟಲೆ ಸಮುದ್ರಕ್ಕೆ ದಾರಿ ಕಟ್ಟಿ ಮಂದಿರ ನಿಲ್ಲಿಸಿದರು. ಸಮುದ್ರ ಅದನ್ನು ಶಿಥಿಲಗೊಳಿಸಿದಾಗ 1995ರಲ್ಲಿ ಹೊಸದಾಗಿ ಕಟ್ಟಲಾಯಿತು. ಪ್ರಾರ್ಥಿಸಲು ಒಂದಿಷ್ಟು ಜಾಗ ಸಿಗದ ನೋವು ಯಾವ ಧರ್ಮದವರಿಗಾದರೂ ಅರ್ಥವಾಗುತ್ತದೆ.

ನಿಕಾಹ್ ಇದ್ದೂ ಇಲ್ಲದಂತೆ

ಪರಂಪರೆಯೆಂದರೆ ಕಲ್ಲು ಮಣ್ಣು ಮಾತ್ರವಲ್ಲ. ಮೌಲವಿಗಳು ಓದಿಸಿದ ನಿಕಾಹ್ ಅಲ್ಲಿ ದಶಕಗಳ ಕಾಲ ಕಾನೂನಿನ ಕಣ್ಣಿಗೆ ಮದುವೆಯೇ ಆಗಿರಲಿಲ್ಲ. ಸರಕಾರಿ ಕಚೇರಿಯಲ್ಲಿ ನೋಂದಾಯಿಸದಿದ್ದರೆ ಪತ್ನಿ ಪತ್ನಿಯಲ್ಲ, ಮಕ್ಕಳು ಅಕ್ರಮ ಸಂತಾನ. ಗಂಡ ಸತ್ತರೆ ಆಸ್ತಿಗಾಗಿ ವಿಧವೆ ಅಲೆದಾಡಬೇಕಿತ್ತು. ಸಮುದಾಯದ ಸತತ ಹೋರಾಟದ ಬಳಿಕ 1935ರಲ್ಲಿ ಮುಸ್ಲಿಂ ವಿವಾಹ ಮತ್ತು ವಿಚ್ಛೇದನ ನೋಂದಣಿ ಕಾನೂನು ಬಂತು. ಹಿಂದೂಗಳು 1945ರವರೆಗೆ ಕಾಯಬೇಕಾಯಿತು. ಹೀಗೆ ಗಳಿಸಿದ ಕಾನೂನಿನಲ್ಲೂ ಕೊರತೆಯಿತ್ತು. 12 ವರ್ಷದ ಹುಡುಗಿಯ ಮದುವೆಗೆ ಅದು ಅವಕಾಶ ಕೊಟ್ಟಿತ್ತು. ಚರ್ಚೆ, ವಿರೋಧಗಳ ನಡುವೆ 2017ರಲ್ಲಿ ಎಲ್ಲ ಧರ್ಮದವರಿಗೂ ಮದುವೆಯ ವಯಸ್ಸನ್ನು 18ಕ್ಕೆ ನಿಗದಿಪಡಿಸಲಾಯಿತು.

ಇಂತಹ ಸಾಲುಮನೆಗಳ ಸಮುದಾಯದಿಂದಲೇ ಬಂದ ನೂರ್ ಹಸನಲಿ 1987ರಿಂದ 1997ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದರು.

ಅಡುಗೆ ಮನೆಯೂ ಒಂದು ಸ್ಮಾರಕ

ಟ್ರಿನಿಡಾಡಿಗೆ ಹೋದವರು 'ಡಬಲ್ಸ್' ತಿನ್ನದೆ ಬರುವುದಿಲ್ಲ. ಎರಡು ಮೆತ್ತನೆಯ ಬಡಾಗಳ ನಡುವೆ ಕಡಲೆಯ ಪಲ್ಯ. ಪ್ರಿನ್ಸಸ್ ಟೌನ್‌ನಲ್ಲಿ 1930ರ ದಶಕದಲ್ಲಿ ಮಾಮೂ ದೀನ್ ಮತ್ತು ಅವರ ಪತ್ನಿ ರಸೂಲನ್ ಎಂಬ ಮುಸ್ಲಿಂ ದಂಪತಿ ಹೊಟ್ಟೆಪಾಡಿಗೆ ಆರಂಭಿಸಿದ ತಿಂಡಿ ಇಂದು ಇಡೀ ದೇಶದ ತಿಂಡಿ. ಈದ್ ದಿನ ಮನೆಮನೆಯಲ್ಲೂ 'ಸವೈನ್' ಕುದಿಯುತ್ತದೆ. ಅದು ಬೇರೇನೂ ಅಲ್ಲ, ನಮ್ಮದೇ ಶಾವಿಗೆಯ ಖೀರು! ಭಾಷೆ ಮರೆತುಹೋಯಿತು, ಆದರೆ ಅಜ್ಜಿಯ ಕೈರುಚಿ ಉಳಿಯಿತು.

ಹೆಸರು ಬರೆದಿಟ್ಟ ಪುಸ್ತಕಗಳು

ಕೊನೆಯದಾಗಿ ಪೋರ್ಟ್ ಆಫ್ ಸ್ಪೇನ್‌ನ ರಾಷ್ಟ್ರೀಯ ದಾಖಲೆಗಳ ಭಂಡಾರ. ಬಂದಿಳಿದ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಊರು, ಮೈಮೇಲಿನ ಗುರುತುಗಳನ್ನು ಗುಮಾಸ್ತರು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆಳುಗಳ ಲೆಕ್ಕಕ್ಕೆಂದು ಬರೆದ ಆ ಪುಸ್ತಕಗಳು ಇಂದು ಮೊಮ್ಮಕ್ಕಳಿಗೆ ಬೇರು ತೋರಿಸುತ್ತಿವೆ. 2011ರಲ್ಲಿ ಯುನೆಸ್ಕೋ ಈ ದಾಖಲೆಗಳನ್ನು ವಿಶ್ವದ ಸ್ಮರಣೆಯ ಪಟ್ಟಿಗೆ ಸೇರಿಸಿತು. ಆಗ ಪ್ರಧಾನಿಯಾಗಿದ್ದ ಕಮಲಾ ಪ್ರಸಾದ್ ಬಿಸ್ಸೇಸರ್ 2012ರಲ್ಲಿ ಬಿಹಾರದ ಬಕ್ಸರ್ ಜಿಲ್ಲೆಯ ತಮ್ಮ ಪೂರ್ವಜರ ಹಳ್ಳಿಗೆ ಬಂದು ಕಣ್ಣೀರಾದರು.

ನಮ್ಮಲ್ಲಿ ಎಷ್ಟು ಮಂದಿಗೆ ಅಜ್ಜಿಯ ತಾಯಿಯ ಹೆಸರು ಗೊತ್ತು? ನಮ್ಮ ಕರಾವಳಿಯ ಮನೆಗಳಿಂದಲೂ ಗಂಡಸರು ಕೊಲ್ಲಿಗೆ ಹೋದರು. ಅವರ ಹಿಂದೆ ಮನೆ ಹಿಡಿದು ನಿಂತ ಹೆಂಗಸರ ಕಥೆ ಯಾವ ಪುಸ್ತಕದಲ್ಲಿದೆ? ಟ್ರಿನಿಡಾಡಿಗೆ ಹೋಗಲು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಇಂದು ಸಂಜೆ ಮಗ್ರಿಬ್ ನಮಾಝಿನ ಬಳಿಕ ಮನೆಯ ಹಿರಿಯರ ಬಳಿ ಕುಳಿತು ಒಂದು ನೋಟ್‌ಬುಕ್ ತೆರೆಯಬಹುದು. ಹೆಸರು, ಊರು, ಅವರು ಪಟ್ಟ ಪಾಡು ಎಲ್ಲವನ್ನೂ ಬರೆದಿಡಿ. ನಾಳೆ ನಮ್ಮ ಮೊಮ್ಮಕ್ಕಳು ತಮ್ಮ ಬೇರು ಹುಡುಕುವಾಗ ಅವರ ಕೈಗೆ ಸಿಗುವುದು ಆ ನೋಟ್‌ಬುಕ್ಕೇ.