ತೂಕ ಹಾಕೋ ಹೊತ್ತಿಗೆ ಕ್ಯಾಮೆರಾ ತನ್ನಿ

ಎರಡು ವರ್ಷದ ಹಿಂದೆ ಕುಯ್ಲಿನ ಹೊತ್ತಲ್ಲಿ ಊರಿಗೆ ಹೋದಾಗ, ಕಳಸದ ನಮ್ಮ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರ ಒಂದು ರೀಲ್ ಮಾಡಿ ಹಾಕಿದ್ದೆ. ಮಂಜು, ಕೆಂಪು ಹಣ್ಣು, ಹಿನ್ನೆಲೆಗೊಂದು ಕೊಳಲು. ಲೈಕು ಚೆನ್ನಾಗೇ ಬಂತು. ಮರುದಿನ ಅವರಲ್ಲಿ ಹಿರಿಯರೊಬ್ಬರು ಕೇಳಿದರು: "ಅಮ್ಮಾ, ನಮ್ಮನ್ನ ವಿಡಿಯೋ ಮಾಡಿದ್ರಂತೆ. ಊರೆಲ್ಲ ನೋಡಿದೆ, ನಮಗೇ ತೋರಿಸ್ಲಿಲ್ವಲ್ಲ?" ನಾನು ನಕ್ಕು ಮಾತು ತೇಲಿಸಿದೆ.

ಆ ಪ್ರಶ್ನೆ ಮತ್ತೆ ಚುಚ್ಚಿದ್ದು ಬೆಂಗಳೂರಲ್ಲಿ, 'ತಂಬಾಕು ಚಾಕಿಲಾ ಊಬ್ ಆಲಿ' ನೋಡುವಾಗ. 1982ರ ಮರಾಠಿ ಸಾಕ್ಷ್ಯಚಿತ್ರ, ಅರ್ಧ ಗಂಟೆಯೂ ಇಲ್ಲ. ಆದರೆ ಕಥೆ ನಮ್ಮದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯದು. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಮುಷ್ಕರಕ್ಕೆ ಇಳಿದದ್ದು ಅದರ ವಸ್ತು. ತೆಗೆದವರು 'ಯುಗಾಂತರ್'. 1980ರಲ್ಲಿ ಬೆಂಗಳೂರಲ್ಲಿ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ ಕಟ್ಟಿದ ತಂಡ ಅದು. ಮಣಿ ಕೌಲರ 'ದುವಿಧಾ'ಗೆ ಕ್ಯಾಮೆರಾ ಹಿಡಿದಿದ್ದ ಅದೇ ನವರೋಜ್.

ಇವರು ನಿಪ್ಪಾಣಿಗೆ ಹೋಗಿ ಸೀದಾ ಕ್ಯಾಮೆರಾ ಆನ್ ಮಾಡಲಿಲ್ಲ. ನಾಲ್ಕು ತಿಂಗಳು ಆ ಹೆಂಗಸರ ಜೊತೆ ಕಳೆದರು, ಅವರ ಮಾತು ಕೇಳಿದರು. ಯಾವುದನ್ನು ತೆಗೀಬೇಕು, ಹೇಗೆ ತೆಗೀಬೇಕು ಅನ್ನೋದರಲ್ಲಿ ಕೆಲಸಗಾರರ ಮಾತೇ ಮುಂದೆ. ಆಗಿಹೋದ ಕೆಲವು ಘಟನೆಗಳನ್ನು ಅವರೇ ಮತ್ತೆ ನಟಿಸಿ ತೋರಿಸಿದ್ದಾರೆ. ಹಾಗಾಗಿ ಚಿತ್ರದಲ್ಲಿ ಯಾರೂ 'ಪಾಪ' ಅನ್ನಿಸಲ್ಲ. ಕ್ಯಾಮೆರಾ ಕಡೆ ನೋಡುವ ಆ ಕಣ್ಣುಗಳಲ್ಲಿ ಒಂದು ಯಜಮಾನಿಕೆ ಇದೆ.

ಕಲಾವಿದರು ತಾವೇ ನಡೆಸುವ ಸಿನಿಮಾ ಕೂಟಗಳು ಬೇರೆ ಕಡೆಯೂ ಇದ್ದವು. 1960ರ ದಶಕದ ಆರಂಭದಲ್ಲಿ ಜೋನಸ್ ಮೆಕಾಸ್ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ ಫಿಲ್ಮ್‌ಮೇಕರ್ಸ್ ಕೋಆಪರೇಟಿವ್ ಕಟ್ಟಿದರು. ನಮ್ಮ ಹಾಲಿನ ಸೊಸೈಟಿ ಥರಾನೇ ಅನ್ನಿ: ನಿಮ್ಮ ಚಿತ್ರ ತಂದು ಇಡಿ, ಬಾಡಿಗೆ ಬಂದರೆ ದೊಡ್ಡ ಪಾಲು ನಿಮಗೇ. 1966ರಲ್ಲಿ ಶುರುವಾದ ಲಂಡನ್ ಕೂಟ ಫಿಲ್ಮ್ ತೊಳೆಯುವ ಯಂತ್ರವನ್ನೂ ತಾನೇ ಇಟ್ಟುಕೊಂಡಿತು. ಅವರಲ್ಲಿ ಪ್ರಯೋಗ ಹೆಚ್ಚಾಗಿ ರೂಪದ್ದು, ಫಿಲ್ಮಿನ ಮೇಲೇ ಗೀಚೋದು, ಸುಡೋದು. ನನಗೆ ಯುಗಾಂತರ್‌ನ ಪ್ರಯೋಗವೇ ದೊಡ್ಡದು ಅನ್ನಿಸುತ್ತೆ. 1983ರವರೆಗೆ ಅವರು ಮಾಡಿದ್ದು ನಾಲ್ಕೇ ಚಿತ್ರ. ಪುಣೆಯ ಮನೆಗೆಲಸದವರು, ಹೈದರಾಬಾದಿನಲ್ಲಿ ಮನೆಯೊಳಗಿನ ಹೊಡೆತ ಬಡಿತ, ಚಿಪ್ಕೋ ಚಳವಳಿ ಉಳಿದ ಮೂರರ ವಸ್ತು. ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಅವುಗಳನ್ನು ಡಿಜಿಟಲ್‌ಗೆ ತಂದದ್ದರಿಂದ ನನ್ನಂಥವರ ಕಣ್ಣಿಗೆ ಬಿತ್ತು. ನಿಪ್ಪಾಣಿಯ ಸಿನಿಮಾ ಬರ್ಲಿನ್ ಸುತ್ತಿ ಬರಬೇಕಾಯ್ತು ನೋಡಿ!

ಹೋದ ಕುಯ್ಲಿಗೆ ಊರಿಗೆ ಹೋದವಳು ಮೊಬೈಲ್ ಜೇಬಲ್ಲೇ ಇಟ್ಟು, ಊಟದ ಹೊತ್ತಿಗೆ ಅವರ ಜೊತೆ ಕೂತೆ. "ಏನು ತೆಗೀಲಿ, ನೀವೇ ಹೇಳಿ" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹಿರಿಯರು, "ಹಣ್ಣು ಕೊಯ್ಯೋದು ಏನು ತೆಗೀತೀರಿ. ಸಂಜೆ ತೂಕ ಹಾಕೋ ಹೊತ್ತಿಗೆ ಬನ್ನಿ" ಅಂದರು.

ಕೂಲಿ ಕಿಲೋ ಲೆಕ್ಕ. ತಕ್ಕಡಿ ನಮ್ಮದು.

ತೆಗೆದೆ. ತಕ್ಕಡಿಯ ಮುಳ್ಳು, ಪುಸ್ತಕದಲ್ಲಿ ಬರೆಯುವ ರೈಟರ್ ಕೈ, ಅಂಕಿ ಕೂಗಿದಾಗ ಚೀಲದವಳ ಮುಖ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ರಾತ್ರಿ ಊಟಕ್ಕೆ ಕೂತಾಗ "ಅದೆಲ್ಲ ಯಾಕೆ ಮಗಾ ಬೇಕು ನಿಂಗೆ?" ಅಂದರು. ನಾನು ಉತ್ತರ ಕೊಡಲಿಲ್ಲ, ಕೊಡೋಕೆ ಬರಲೂ ಇಲ್ಲ.

ಭಾನುವಾರ ಲೈನ್ ಮನೆ ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್‌ನಲ್ಲಿ ಹನ್ನೊಂದು ನಿಮಿಷ ತೋರಿಸಿದೆ. ನಗು, ಗಲಾಟೆ. ಒಬ್ಬಳು ತನ್ನ ಮುಖ ಬೇಡ ಅಂದಳು, ತೆಗೆದುಹಾಕಿದೆ. ತಕ್ಕಡಿ ಬಂದಾಗ ಮಾತ್ರ ಎಲ್ಲ ಸುಮ್ಮನಾದರು. ಅಪ್ಪನೂ ಬಂದಿದ್ದರು, ಹಿಂದೆ ನಿಂತು ನೋಡಿದರು. ಮರುದಿನ ರೈಟರ್‌ಗೆ ತಕ್ಕಡಿಯನ್ನ ಮುಳ್ಳು ಎಲ್ಲರಿಗೂ ಕಾಣೋ ಹಾಗೆ ತಿರುಗಿಸಿಡೋಕೆ ಹೇಳಿದರಂತೆ. ನನ್ನ ಹತ್ರ ಏನೂ ಹೇಳಲಿಲ್ಲ.

ವಿಡಿಯೋ ಇನ್ನೂ ಎಲ್ಲೂ ಹಾಕಿಲ್ಲ. ಹಾಕಬೇಕೋ ಬೇಡವೋ ಅಂತ ಅವರ ನಡುವೆ ಚರ್ಚೆ ನಡೀತಿದೆ.